82ರದ್ದಾ, 88ರದ್ದಾ? ಹಳೇ ಮಾರುತಿಗೆ ಥರ್ಮೋಸ್ಟಾಟ್ ವಾಪಸ್ ಹಾಕಿದ ನನ್ನ ಅನುಭವ

ಮಂಡ್ಯ, ಮೈಸೂರು ಕಡೆ ಹಳೇ ಕಾರು ತಗೊಂಡರೆ ಅದರಲ್ಲಿ ಥರ್ಮೋಸ್ಟಾಟ್ (ಎಂಜಿನ್ ನೀರು ಸಾಕಷ್ಟು ಬಿಸಿಯಾಗುವವರೆಗೆ, ನೀರನ್ನು ತಣ್ಣಗಾಗಿಸುವ ರೇಡಿಯೇಟರಿಗೆ ಬಿಡದೆ ತಡೆಯುವ ಸಣ್ಣ ವಾಲ್ವ್; 82, 88 ಅನ್ನೋದು ಅದು ತೆರೆಯೋಕೆ ಶುರುವಾಗುವ ಬಿಸಿ, ಡಿಗ್ರಿ ಸೆಲ್ಸಿಯಸ್‌ನಲ್ಲಿ) ಇದೆ ಅಂತ ಸುಮ್ನೆ ನಂಬಬೇಡಿ. ಬಿಚ್ಚಿ ನೋಡಿ. ನಾನು ನೋಡಿದ ಹಳೇ ಮಾರುತಿ, ಪದ್ಮಿನಿ, ಅಂಬಾಸಿಡರ್‌ಗಳಲ್ಲಿ ಬಹಳಷ್ಟರಲ್ಲಿ ಅದು ಇರಲೇ ಇಲ್ಲ. ಯಾವತ್ತೋ ಒಂದು ಸಲ ಕಾರು ಹೀಟ್ ಆಗಿರುತ್ತದೆ, ಮೆಕ್ಯಾನಿಕ್ ಮೊದಲು ಅದನ್ನು ಕಿತ್ತಿರುತ್ತಾರೆ, ಬರೀ ಕವರ್ ಮುಚ್ಚಿ ಕಳಿಸಿರುತ್ತಾರೆ. ಆಮೇಲೆ ಕಾರು ಎರಡು ಮೂರು ಕೈ ಬದಲಾದರೂ ಯಾರೂ ಆ ಕವರ್ ತೆಗೆದು ನೋಡುವುದಿಲ್ಲ.

ನನ್ನದು 90ರ ದಶಕದ ಮಾರುತಿ 800, ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿ ಜತೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಗಾಡಿ. 796 ಸಿಸಿ, ಮೂರು ಸಿಲಿಂಡರ್. ಕೊಂಡಾಗ ಎಂಜಿನ್ ಸದ್ದು ಚೆನ್ನಾಗಿತ್ತು, ಹೊಗೆ ಇರಲಿಲ್ಲ. ಆದರೆ ಬೆಳಗ್ಗೆ ಚೋಕ್ (ತಣ್ಣನೆ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಸಿಗೋ ಹಾಗೆ ಮಾಡುವ ಗುಂಡಿ) ಎಳೆದು ಸ್ಟಾರ್ಟ್ ಮಾಡಿದರೆ ಚೋಕ್ ಒಳಗೆ ತಳ್ಳೋಕೆ ಬಿಡುತ್ತಲೇ ಇರಲಿಲ್ಲ, ತಳ್ಳಿದ ತಕ್ಷಣ ಎಳೆದಾಡಿ ಆಫ್ ಆಗೋದು. ಮಂಡ್ಯ ಬಿಟ್ಟು ಶ್ರೀರಂಗಪಟ್ಟಣ ಬಂದರೂ ಟೆಂಪರೇಚರ್ ಮೀಟರಿನ ಮುಳ್ಳು ತಳದಿಂದ ಮೇಲೆದ್ದಿರುತ್ತಿರಲಿಲ್ಲ. ಮೈಸೂರು ಟ್ರಾಫಿಕ್ಕಿನಲ್ಲಿ ನಿಂತಾಗ ಮಾತ್ರ ಏರುತ್ತಿತ್ತು, ರಿಂಗ್ ರೋಡಿಗೆ ಬಂದು ಗಾಳಿ ಬಡಿದ ಕೂಡಲೇ ಮತ್ತೆ ತಳಕ್ಕೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗಡೆ ಮಜ್ಜಿಗೆ ಬಣ್ಣದ ಜಿಡ್ಡು. ಪ್ಲಗ್ ಬಿಚ್ಚಿದರೆ ಮಸಿ. ಇಷ್ಟೂ ಲಕ್ಷಣಗಳು ಒಟ್ಟಿಗೆ ಕಂಡರೆ ಬೇರೇನನ್ನೂ ಮುಟ್ಟುವ ಮೊದಲು ಥರ್ಮೋಸ್ಟಾಟ್ ಕಡೆ ನೋಡಬೇಕು. ನಾನು ನೋಡಿದೆ. ಕವರ್ ಒಳಗೆ ಏನೂ ಇರಲಿಲ್ಲ, ಖಾಲಿ.

ಗ್ಯಾರೇಜಿನಲ್ಲಿ ವಿಚಾರಿಸಿದಾಗ ಮೇಸ್ತ್ರಿ ಹೇಳಿದ್ದು ಎಲ್ಲರೂ ಹೇಳುವ ಮಾತೇ. "ಸಾರ್, ಅದು ಚಳಿ ದೇಶದೋರಿಗೆ ಮಾಡಿರೋದು. ನಮ್ಮ ಬಿಸಿಲಿಗೆ ಅದ್ಯಾಕೆ? ತೆಗೆದ್ರೆ ಗಾಡಿ ಕೂಲ್ ಆಗಿ ಇರ್ತದೆ." ಅವರು ಕೆಲಸದಲ್ಲಿ ಒಳ್ಳೆಯವರು, ಕಾರ್ಬುರೇಟರ್ ವಿಷಯದಲ್ಲಿ ಅವರ ಕೈಗೆ ಸಮ ಇಲ್ಲ. ಆದರೆ ಈ ಮಾತು ಮಾತ್ರ ನಾನು ಒಪ್ಪೋದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಅರ್ಥವಾದರೆ ಯಾವ ನಂಬರಿನದು ಹಾಕಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಥರ್ಮೋಸ್ಟಾಟ್ ಒಳಗೆ ಕರೆಂಟ್ ಇಲ್ಲ, ವೈರ್ ಇಲ್ಲ. ಒಂದು ಸಣ್ಣ ಹಿತ್ತಾಳೆ ಅಥವಾ ತಾಮ್ರದ ಬುಡ್ಡಿ, ಅದರೊಳಗೆ ಮೇಣ, ಮೇಣದ ನಡುವೆ ರಬ್ಬರ್ ತೋಳು, ಆ ತೋಳಿನೊಳಗೆ ಒಂದು ಕಡ್ಡಿ. ಮೇಣ ಕರಗಿದಾಗ ಹಿಗ್ಗುತ್ತದೆ. ಹಿಗ್ಗಿದ ಮೇಣ ರಬ್ಬರನ್ನು ಹಿಂಡುತ್ತದೆ, ರಬ್ಬರ್ ಕಡ್ಡಿಯನ್ನು ಹೊರಕ್ಕೆ ತಳ್ಳುತ್ತದೆ. ಕಡ್ಡಿಯ ಇನ್ನೊಂದು ತುದಿ ಮೇಲಿನ ಪಟ್ಟಿಗೆ ಆತುಕೊಂಡಿರುವುದರಿಂದ ಅದು ಅಲುಗಾಡೋದಿಲ್ಲ, ಬದಲಿಗೆ ಬುಡ್ಡಿಯೇ ವಾಲ್ವನ್ನು ಎಳೆದುಕೊಂಡು ಕೆಳಗೆ ಇಳಿಯುತ್ತದೆ, ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ, ದಾರಿ ತೆರೆಯುತ್ತದೆ. ನೀರು ತಣ್ಣಗಾದರೆ ಮೇಣ ಗಟ್ಟಿಯಾಗುತ್ತದೆ, ಸ್ಪ್ರಿಂಗ್ ವಾಲ್ವನ್ನು ಮುಚ್ಚುತ್ತದೆ. ಅಷ್ಟೇ. ಮೇಣ ಯಾವ ಬಿಸಿಗೆ ಕರಗುತ್ತದೆ ಅನ್ನೋದರ ಮೇಲೆ ಅದರ ನಂಬರ್ ನಿಂತಿದೆ.

ಇನ್ನೂ ಹಳೇ ಕಾರುಗಳಲ್ಲಿ ಮೇಣದ ಬದಲು ಮಡಿಕೆ ಮಡಿಕೆಯ ತಗಡಿನ ತಿದಿ ಇರುತ್ತಿತ್ತು. ಒಳಗೆ ಬೇಗ ಆವಿಯಾಗುವ ದ್ರವ ತುಂಬಿ ಮುಚ್ಚಿರುತ್ತಿದ್ದರು. ಅದರ ಕೊರತೆ ಏನೆಂದರೆ ರೇಡಿಯೇಟರಿನಲ್ಲಿ ಪ್ರೆಷರ್ ಜಾಸ್ತಿಯಾದಷ್ಟೂ ತಿದಿಯನ್ನು ಹೊರಗಿನಿಂದ ಅಮುಕುತ್ತದೆ, ತೆರೆಯುವ ಬಿಸಿ ಹೆಚ್ಚುಕಮ್ಮಿ ಆಗುತ್ತದೆ. ಪ್ರೆಷರ್ ಕ್ಯಾಪ್‌ಗಳು (ಒಳಗೆ ಪ್ರೆಷರ್ ಹಿಡಿದಿಡುವ ರೇಡಿಯೇಟರ್ ಮುಚ್ಚಳಗಳು) ಬಲವಾಗುತ್ತಾ ಹೋದ ಹಾಗೆ ಮೇಣದ್ದೇ ಎಲ್ಲ ಕಡೆ ಬಂತು, ಅದಕ್ಕೆ ಪ್ರೆಷರ್‌ನ ಗೊಡವೆ ಇಲ್ಲ. ನಿಮ್ಮ ಕಾರಿನಲ್ಲಿ ತಿದಿಯದ್ದು ಸಿಕ್ಕರೆ ಜೋಪಾನವಾಗಿ ಎತ್ತಿಡಿ, ಆದರೆ ಓಡಿಸೋಕೆ ಮೇಣದ್ದು ಹಾಕಿ.

ಈಗ ಮುಖ್ಯ ವಿಷಯ. ಥರ್ಮೋಸ್ಟಾಟ್ ಮೇಲೆ 82 ಅಂತ ಅಚ್ಚಿದ್ದರೆ ಅದರರ್ಥ ಎಂಜಿನ್ 82 ಡಿಗ್ರಿಯಲ್ಲೇ ಇರುತ್ತದೆ ಅಂತಲ್ಲ. 82ಕ್ಕೆ ಬಾಯಿ ಬಿಡೋಕೆ ಶುರು ಮಾಡುತ್ತದೆ ಅಂತ. ಪೂರ್ತಿ ತೆರೆಯಬೇಕಾದರೆ ಇನ್ನೂ 12, 13 ಡಿಗ್ರಿ ಬೇಕು, ಹತ್ತಿರ ಹತ್ತಿರ 95. ಪೂರ್ತಿ ತೆರೆದ ಮೇಲೆ ಅದರ ಕೈಯಲ್ಲಿ ಏನೂ ಇಲ್ಲ. ವಿಶ್ವೇಶ್ವರಯ್ಯ ನಾಲೆಯ ತೂಬು ಇದ್ದ ಹಾಗೆ: ತೂಬು ಪೂರ್ತಿ ಎತ್ತಿದ ಮೇಲೆ ಗದ್ದೆಗೆ ಎಷ್ಟು ನೀರು ಬರುತ್ತದೆ ಅನ್ನೋದು ನಾಲೆಯಲ್ಲಿರುವ ನೀರಿಗೆ ಬಿಟ್ಟಿದ್ದು. ಎಂಜಿನ್ ಅದಕ್ಕಿಂತ ಜಾಸ್ತಿ ಬಿಸಿಯಾಗುತ್ತಾ ಇಲ್ಲವಾ ಅಂತ ತೀರ್ಮಾನಿಸುವುದು ರೇಡಿಯೇಟರ್, ಫ್ಯಾನ್, ವಾಟರ್ ಪಂಪ್, ಗಾಳಿ. ಅಂದರೆ ಥರ್ಮೋಸ್ಟಾಟ್ ಕಾಯುವುದು ಎಂಜಿನ್ ಇದಕ್ಕಿಂತ ತಣ್ಣಗಾಗಬಾರದು ಅನ್ನುವ ಕೆಳಗಿನ ಗಡಿಯನ್ನು. ಮೇಲಿನ ಗಡಿಯನ್ನಲ್ಲ.

ಇದು ತಲೆಗೆ ಹೋದರೆ ಅರ್ಧ ವಾದ ಮುಗಿದ ಹಾಗೆ. ಸಿಗ್ನಲ್‌ನಲ್ಲಿ ನಿಂತಾಗ ನಿಮ್ಮ ಕಾರು 105ಕ್ಕೆ ಹೋಗುತ್ತಿದೆ ಅಂದರೆ 88ರ ಜಾಗದಲ್ಲಿ 71ರದ್ದು ಹಾಕಿದರೂ ಅದು 105ಕ್ಕೇ ಹೋಗುತ್ತದೆ. ತಲುಪೋಕೆ ಸ್ವಲ್ಪ ಹೊತ್ತು ಜಾಸ್ತಿ ಹಿಡಿಯಬಹುದು, ಅಷ್ಟೇ. ಯಾಕೆಂದರೆ 105ರಲ್ಲಿ ಎರಡೂ ಪೂರ್ತಿ ತೆರೆದೇ ಇರುತ್ತವೆ.

ಹಾಗಾದರೆ ಎಂಜಿನ್ ತಣ್ಣಗಿದ್ದರೆ ನಷ್ಟ ಏನು? ಇದನ್ನು ಕೇಳುವವರು ಜಾಸ್ತಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರಿನಷ್ಟು ಆವಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್‌ನಲ್ಲಿ ಹೋಗುತ್ತದೆ, ಸ್ವಲ್ಪ ಭಾಗ ಪಿಸ್ಟನ್ ರಿಂಗ್ ಪಕ್ಕದಿಂದ ನುಸುಳಿ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಎಂಜಿನ್ ಬಿಸಿ ಇದ್ದರೆ ಆ ಆವಿ ಅಲ್ಲಿಂದಲೂ ಹೊರಗೆ ಹೋಗುತ್ತದೆ. ತಣ್ಣಗಿದ್ದರೆ ಅಲ್ಲೇ ನೀರಾಗಿ ಆಯಿಲ್ ಜತೆ ಕಲೆಯುತ್ತದೆ. ನಾನು ಕಂಡ ಮಜ್ಜಿಗೆ ಬಣ್ಣದ ಜಿಡ್ಡು ಅದೇ. ಅದನ್ನು ನೋಡಿ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ ಕೆಳಗಿನ ಪ್ಯಾಕಿಂಗ್) ಹೋಗಿದೆ, ನೀರು ಆಯಿಲ್‌ಗೆ ಸೇರುತ್ತಿದೆ ಅಂತ ಹೆದರಿಸುವವರೂ ಇದ್ದಾರೆ. ಹೆಡ್ ಬಿಚ್ಚಿಸುವ ಮೊದಲು ರೇಡಿಯೇಟರ್ ನೀರು ಕಮ್ಮಿ ಆಗುತ್ತಿದೆಯಾ, ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್ ಸ್ಟಿಕ್‌ನಲ್ಲೂ ಆಯಿಲ್ ಬೆಳ್ಳಗಿದೆಯಾ ನೋಡಿ. ನೀರು ಕಮ್ಮಿ ಆಗುತ್ತಿಲ್ಲ, ಡಿಪ್ ಸ್ಟಿಕ್ ಚೆನ್ನಾಗಿದೆ, ಮುಚ್ಚಳದ ಕೆಳಗೆ ಮಾತ್ರ ಜಿಡ್ಡು ಅಂದರೆ ಬಹುಮಟ್ಟಿಗೆ ಅದು ತಣ್ಣನೆ ಎಂಜಿನ್ನಿನ ಗುರುತು.

ಸಿಲಿಂಡರ್ ಗೋಡೆ ತಣ್ಣಗಿದ್ದರೆ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈ) ಬೇಗ ಸವೆಯುತ್ತದೆ ಅಂತ 1930ರ ದಶಕದಲ್ಲೇ ಬ್ರಿಟನ್ನಿನಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದರು. ಉಜ್ಜಿ ಸವೆಯುವುದಕ್ಕಿಂತ, ಆವಿ ನೀರಾಗಿ ಗೋಡೆಯ ಮೇಲೆ ಕೂತು, ಪೆಟ್ರೋಲ್ ಉರಿದಾಗ ಹುಟ್ಟುವ ಆಮ್ಲದ ಜತೆ ಸೇರಿ ಕಬ್ಬಿಣವನ್ನು ತಿನ್ನುವುದೇ ಜಾಸ್ತಿ. ಹಳೇ ಎಂಜಿನ್ನಿಗೆ ರಿಂಗ್ ಪಿಸ್ಟನ್ ಹುಡುಕೋದು ಈಗ ಎಷ್ಟು ಕಷ್ಟ ಅಂತ ಹಳೇ ಕಾರು ಇಟ್ಟವರಿಗೆಲ್ಲ ಗೊತ್ತು. ಹಾಗಿರುವಾಗ ಕೆಲವು ನೂರು ರೂಪಾಯಿಯ ಒಂದು ಬಿಡಿಭಾಗ ಉಳಿಸೋಕೆ ಹೋಗಿ ಬೋರ್ ಕಳಕೊಳ್ಳಬಾರದು.

ಮಾರುತಿ 800ರಲ್ಲಿ ಇನ್ನೊಂದು ಸಂಗತಿ ಇದೆ. ಇದರ ಥರ್ಮೋಸ್ಟಾಟ್ ಕೂರುವುದು ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ, ಅಂದರೆ ಕಾರ್ಬುರೇಟರಿನಿಂದ ಸಿಲಿಂಡರುಗಳಿಗೆ ಪೆಟ್ರೋಲ್, ಗಾಳಿ ಒಯ್ಯುವ ಕೊಳವೆಗಳ ಭಾಗದಲ್ಲಿ. ಎಂಜಿನ್ನಿನ ಬಿಸಿನೀರು ಮ್ಯಾನಿಫೋಲ್ಡ್ ಒಳಗೆ ಹಾದು ಹೋಗುತ್ತದೆ, ಕಾರ್ಬುರೇಟರಿನಿಂದ ಬಂದ ಪೆಟ್ರೋಲ್ ಹನಿಗಳು ಆ ಬಿಸಿಗೆ ಆವಿಯಾಗಿ ಸಿಲಿಂಡರಿಗೆ ಹೋಗುತ್ತವೆ. ನೀರು ತಣ್ಣಗೇ ಇದ್ದರೆ ಪೆಟ್ರೋಲ್ ಮ್ಯಾನಿಫೋಲ್ಡ್ ಗೋಡೆಗೆ ಅಂಟುತ್ತದೆ, ಎಂಜಿನ್ ಹಸಿದ ಹಾಗೆ ಎಳೆದಾಡುತ್ತದೆ, ನಾವು ಚೋಕ್ ಎಳೆದೇ ಓಡಿಸುತ್ತೇವೆ, ಪ್ಲಗ್ ಮಸಿ ಹಿಡಿಯುತ್ತದೆ, ಆಮೇಲೆ ಕಾರ್ಬುರೇಟರ್ ಸರಿಯಿಲ್ಲ ಅಂತ ಸ್ಕ್ರೂ ತಿರುಗಿಸುತ್ತಾ ಕೂರುತ್ತೇವೆ. ಮಂಡ್ಯದ ಬಿಸಿಲು ಎಷ್ಟೇ ಇರಲಿ, 38 ಡಿಗ್ರಿ ಅನ್ನಿ. ಎಂಜಿನ್ನಿಗೆ ಬೇಕಾದ 82ರ ಮುಂದೆ ಅದು ಚಳಿಯೇ ಅಲ್ವಾ.

ಇನ್ನೊಂದು ಮಾತು ಕೇಳಿರುತ್ತೀರಿ: "ಥರ್ಮೋಸ್ಟಾಟ್ ತೆಗೆದರೆ ನೀರು ಜೋರಾಗಿ ಓಡುತ್ತದೆ, ರೇಡಿಯೇಟರಿನಲ್ಲಿ ತಣ್ಣಗಾಗೋಕೆ ಟೈಮೇ ಸಿಗಲ್ಲ, ಅದಕ್ಕೇ ಹೀಟ್ ಆಗುತ್ತದೆ." ಥರ್ಮೋಸ್ಟಾಟ್ ಇರಬೇಕು ಅನ್ನುವವರೇ ಇದನ್ನು ಹೇಳುತ್ತಾರೆ, ಆದರೂ ಇದು ಸರಿಯಲ್ಲ. ನೀರು ಜೋರಾಗಿ ಓಡಿದರೆ ರೇಡಿಯೇಟರ್ ಒಟ್ಟಾರೆ ಜಾಸ್ತಿ ಶಾಖವನ್ನೇ ಬಿಡುತ್ತದೆ. ಕೆಲವು ಎಂಜಿನ್‌ಗಳು ಥರ್ಮೋಸ್ಟಾಟ್ ತೆಗೆದಾಗ ನಿಜವಾಗಿಯೂ ಹೀಟ್ ಆಗುತ್ತವೆ, ಅದರ ಕಾರಣ ಬೇರೆ. ಥರ್ಮೋಸ್ಟಾಟ್ ಮುಚ್ಚಿದ್ದಾಗ ನೀರು ಎಂಜಿನ್ನೊಳಗೇ ಸುತ್ತಲಿ ಅಂತ ಒಂದು ಬೈಪಾಸ್ ದಾರಿ ಇರುತ್ತದೆ. ಕೆಲವು ಥರ್ಮೋಸ್ಟಾಟ್‌ಗಳ ಬುಡದಲ್ಲಿ ಇನ್ನೊಂದು ತಟ್ಟೆ ಇರುತ್ತದೆ ನೋಡಿ, ಮೇಲಿನ ವಾಲ್ವ್ ತೆರೆದ ಹಾಗೆ ಆ ತಟ್ಟೆ ಕೆಳಗಿಳಿದು ಬೈಪಾಸನ್ನು ಮುಚ್ಚುತ್ತದೆ. ಅಂಥದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ, ಬಿಸಿನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಎಂಜಿನ್ನಿಗೆ ವಾಪಸ್ ಹೋಗುತ್ತದೆ. ಹಾಗಾಗಿ ಅಂಗಡಿಯಲ್ಲಿ ಕೊಡುವಾಗ ಬುಡದ ತಟ್ಟೆ ಇದ್ದದ್ದಕ್ಕೆ ತಟ್ಟೆ ಇರುವುದನ್ನೇ ತಗೊಳ್ಳಬೇಕು. ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ನಮ್ಮ ಭಾವನವರ ಹತ್ತಿರ ಹಳೇ ಅಂಬಾಸಿಡರ್ ಪೆಟ್ರೋಲ್ ಗಾಡಿ ಇದೆ, 1489 ಸಿಸಿಯದ್ದು, ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಎಂಜಿನ್. ಅದು ಚಾಮುಂಡಿ ಬೆಟ್ಟ ಹತ್ತುವಾಗ ಹೀಟ್ ಆಗುತ್ತದೆ ಅಂತ ಥರ್ಮೋಸ್ಟಾಟ್ ತೆಗೆಸಿದ್ದರು. ತೆಗೆದ ಮೇಲೂ ಬೆಟ್ಟದಲ್ಲಿ ಹೀಟ್ ಆಗುತ್ತಲೇ ಇತ್ತು. ಭಾವ ನನ್ನನ್ನು ಕರೆದು ತೋರಿಸಿದರು. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮೇಲೆ ಅಲ್ಲಲ್ಲಿ ಕೈ ಆಡಿಸಿದರೆ ಒಂದು ಭಾಗ ಸುಡುತ್ತಿತ್ತು, ಕೆಳಗಿನ ಮೂಲೆ ಬೆಚ್ಚಗೂ ಇರಲಿಲ್ಲ. (ಫ್ಯಾನ್ ನಿಂತ ಮೇಲೆ ಮಾತ್ರ ಹೀಗೆ ಕೈ ಹಾಕಬೇಕು, ದಯವಿಟ್ಟು.) ತಣ್ಣಗಿದ್ದ ಕಡೆ ನೀರೇ ಹೋಗುತ್ತಿಲ್ಲ ಅಂತ ಅರ್ಥ. ರೇಡಿಯೇಟರ್ ಕೆಲಸದವರ ಹತ್ತಿರ ಒಯ್ದು ಮೇಲಿನ ಟ್ಯಾಂಕ್ ಬೆಸುಗೆ ಬಿಡಿಸಿದಾಗ ಕೊಳವೆಗಳ ಬಾಯಿಗೆ ಬಿಳಿ ಗಾರೆ ಕಟ್ಟಿತ್ತು. ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ್ದರ ಫಲ. ರಾಡ್ ಹೊಡೆದು ಕೊಳವೆ ಬಿಡಿಸಿ, ಮತ್ತೆ ಬೆಸುಗೆ ಹಾಕಿಸಿ, ಜತೆಗೆ ಹೊಸ ಥರ್ಮೋಸ್ಟಾಟ್ ಹಾಕಿದೆವು. ಈಗ ಬೆಟ್ಟ ಹತ್ತುತ್ತದೆ, ಥರ್ಮೋಸ್ಟಾಟ್ ಒಳಗಿದ್ದುಕೊಂಡೇ.

ಆ ಕಾಲದ ಇಂಗ್ಲಿಷ್ ಕಾರುಗಳ ಬಗ್ಗೆ ಓದುವಾಗ ಗೊತ್ತಾದ ಒಂದು ವಿಷಯ ನನಗೆ ತುಂಬ ಹಿಡಿಸಿತು. ಅದೇ ಬಿಎಂಸಿಯ ಮಿನಿ ಕಾರಿಗೆ ಮೂರು ನಮೂನೆ ಥರ್ಮೋಸ್ಟಾಟ್ ಹೇಳಿದ್ದರು: ಸಾಮಾನ್ಯಕ್ಕೆ 82, ಚಳಿ ದೇಶಕ್ಕೆ 88, ಬಿಸಿ ದೇಶಕ್ಕೆ 74. ಅಂದರೆ ಬಿಸಿಲಿನ ದೇಶಗಳನ್ನು ಅವರು ಮರೆತಿರಲಿಲ್ಲ. ಹಾಗಿದ್ದೂ ಬಿಸಿ ದೇಶದವರು ತೆಗೆದುಹಾಕಿ ಅಂತ ಹೇಳಲಿಲ್ಲ. 82ರಿಂದ 74ಕ್ಕೆ ಇಳಿಸಿ ಅಂದರು, ಅಷ್ಟೇ. ಮೇಸ್ತ್ರಿಗೆ ನಾನು ಹೇಳಿದ್ದೂ ಇದನ್ನೇ, ಮತ್ತು ಅವರು ಸ್ವಲ್ಪ ಹೊತ್ತು ಯೋಚಿಸಿ "ಹಾಗಾದ್ರೆ ಹಾಕಿ ನೋಡೋಣ ಸಾರ್" ಅಂದರು.

ಇನ್ನು ನಂಬರ್ ಆರಿಸುವ ವಿಷಯ. ಮೊದಲ ಉತ್ತರ ಯಾವಾಗಲೂ ಕಂಪನಿ ಪುಸ್ತಕದಲ್ಲಿರುವುದು. ಪುಸ್ತಕ ಇಲ್ಲದಿದ್ದಾಗ, ಅಥವಾ ಅಂಗಡಿಯಲ್ಲಿ ಎರಡು ಮೂರು ನಂಬರ್ ಮುಂದಿಟ್ಟಾಗ ನಾನು ನೋಡುವುದು ರೇಡಿಯೇಟರ್ ಕ್ಯಾಪನ್ನು. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಮಂಡ್ಯ, ಮೈಸೂರು ಎತ್ತರದಲ್ಲಿವೆ, ಇಲ್ಲಿ 97, 98 ಡಿಗ್ರಿಗೇ ಕುದಿ ಬರುತ್ತದೆ. ಮೇಲೆ 4 ಪಿಎಸ್‌ಐ (ಪ್ರೆಷರ್ ಅಳೆಯುವ ಮಾನ) ಕ್ಯಾಪ್ ಇದ್ದರೆ ಕುದಿಯುವ ಬಿಸಿ 105ರ ಆಸುಪಾಸಿಗೆ ಹೋಗುತ್ತದೆ, 7 ಪಿಎಸ್‌ಐಗೆ 110ರ ಹತ್ತಿರ. ನನ್ನ ಮಾರುತಿಯ ಕ್ಯಾಪ್ ಮೇಲೆ 0.9 ಅಂತ ಇದೆ, ಅಂದರೆ ಹೆಚ್ಚುಕಮ್ಮಿ 13 ಪಿಎಸ್‌ಐ. ಅದು ಸರಿಯಾಗಿ ಹಿಡಿದರೆ ಬರೀ ನೀರು ಕೂಡ 115 ದಾಟುವವರೆಗೆ ಕುದಿಯೋದಿಲ್ಲ. ಆದರೆ ಕ್ಯಾಪಿನ ರಬ್ಬರ್ ಸತ್ತಿದ್ದರೆ ಮತ್ತೆ 97, 98ಕ್ಕೇ ಬಂದು ನಿಂತಿರಿ.

ಈಗ ಲೆಕ್ಕ ಹಾಕಿ. ಕಮ್ಮಿ ಪ್ರೆಷರಿನ ಕ್ಯಾಪ್ ಇರುವ 50, 60ರ ದಶಕದ ವಿನ್ಯಾಸದ ಎಂಜಿನ್ನಿಗೆ 88ರದ್ದು ಹಾಕಿದರೆ, ಅದು ಪೂರ್ತಿ ತೆರೆಯೋದು 100ರ ಮೇಲೆ, ಕುದಿಯೋದು 105ಕ್ಕೆ. ನಡುವೆ ಉಳಿಯೋದು ನಾಲ್ಕೈದು ಡಿಗ್ರಿ ಮಾತ್ರ. ಬೇಸಿಗೆಯಲ್ಲಿ ಮದ್ದೂರು ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಅಷ್ಟು ಸಾಲದು. ಅಂಥ ಗಾಡಿಗೆ 74 ಅಥವಾ 82. ಅದಕ್ಕಿಂತ ಕೆಳಗೆ 71ರದ್ದೂ ಇವೆ, ಅವು ಹಿಂದೆ ಚಳಿ ದೇಶಗಳಲ್ಲಿ ರೇಡಿಯೇಟರಿಗೆ ಆಲ್ಕೋಹಾಲ್ ಬೆರೆಸುತ್ತಿದ್ದ ಕಾಲದಲ್ಲಿ ಜಾಸ್ತಿ ಬಳಕೆಯಲ್ಲಿದ್ದವು, ಬಿಸಿ ಜಾಸ್ತಿಯಾದರೆ ಆಲ್ಕೋಹಾಲ್ ಹಾರಿಹೋಗುತ್ತದೆ ಅಂತ. ನಮಗೆ ಅದರ ಅಗತ್ಯ ಕಾಣುವುದಿಲ್ಲ. 13 ಪಿಎಸ್‌ಐ ಕ್ಯಾಪ್, ಎಲೆಕ್ಟ್ರಿಕ್ ಫ್ಯಾನ್ ಇರುವ ಕಾರ್ಬುರೇಟರ್ ಮಾರುತಿಗೆ 82 ಸರಿಯಾಗಿ ಹೊಂದುತ್ತದೆ, ನಾನು ಹಾಕಿದ್ದೂ ಅದನ್ನೇ. 88 ಹಾಕಿದರೂ ತೊಂದರೆ ಇಲ್ಲ, ರೇಡಿಯೇಟರ್ ಮತ್ತು ಕ್ಯಾಪ್ ಗಟ್ಟಿಯಾಗಿದ್ದರೆ. ಆಮೇಲೆ ಬಂದ ಇಂಜೆಕ್ಷನ್ ಎಂಜಿನ್‌ಗಳಿಗೆ ಮಾತ್ರ ಕಂಪನಿ ಹೇಳಿದ ನಂಬರ್ ಬಿಟ್ಟು ಕೆಳಗೆ ಇಳಿಯಬೇಡಿ. ಅಲ್ಲಿ ಕಂಪ್ಯೂಟರ್ ನೀರಿನ ಬಿಸಿ ನೋಡಿಕೊಂಡು ಪೆಟ್ರೋಲ್ ಬಿಡುತ್ತದೆ, ಎಂಜಿನ್ ತಣ್ಣಗಿದೆ ಅಂತ ತಿಳಿದರೆ ಜಾಸ್ತಿ ಬಿಡುತ್ತಲೇ ಇರುತ್ತದೆ.

ಎಲೆಕ್ಟ್ರಿಕ್ ಫ್ಯಾನ್ ಇರುವವರು ಇನ್ನೊಂದು ನೋಡಬೇಕು. ಥರ್ಮೋಸ್ಟಾಟ್ ತೆರೆಯುವ ಬಿಸಿಗಿಂತ ಫ್ಯಾನ್ ಸ್ವಿಚ್ ಆನ್ ಆಗುವ ಬಿಸಿ ಮೇಲೆ ಇರಬೇಕು. ಇಲ್ಲದಿದ್ದರೆ ಫ್ಯಾನ್ ಸುಮ್ನೆ ಓಡುತ್ತಲೇ ಇರುತ್ತದೆ, ಬ್ಯಾಟರಿಗೂ ಹೊರೆ.

ಅಂಗಡಿಗೆ ಹೋಗುವಾಗ ಹಳೆಯದನ್ನು ಜತೆಗೆ ಒಯ್ಯಿರಿ. ನನ್ನ ಹಾಗೆ ಹಳೆಯದೇ ಇಲ್ಲದಿದ್ದರೆ ಅದು ಕೂರುವ ಕುಳಿಯ ಅಗಲ ಮತ್ತು ಆಳ ಅಳೆದುಕೊಳ್ಳಿ. ಹಳೇ ಇಂಗ್ಲಿಷ್ ಎಂಜಿನ್‌ಗಳಲ್ಲಿ 54 ಮಿಲಿಮೀಟರ್ ಅನ್ನೋದು ಹೆಚ್ಚಾಗಿ ಕಾಣುವ ಅಳತೆ. ಅಂಚಿನ ದಪ್ಪವೂ ಮುಖ್ಯ. ಕುಳಿಗಿಂತ ದಪ್ಪ ಇದ್ದರೆ ಕವರ್ ಬಿಗಿಯುವಾಗ ಅಲ್ಯೂಮಿನಿಯಂ ಕವರ್ ಬಿರುಕು ಬಿಡುತ್ತದೆ, ತೆಳ್ಳಗಿದ್ದರೆ ಸುತ್ತಿನಿಂದ ನೀರು ನುಸುಳುತ್ತದೆ. ಅಂಚಿನಲ್ಲಿ ಒಂದು ಸಣ್ಣ ತೂತು, ಅದರಲ್ಲಿ ಅಲ್ಲಾಡುವ ಒಂದು ಪುಟ್ಟ ಪಿನ್ ಇದೆಯಾ ನೋಡಿ. ನೀರು ತುಂಬುವಾಗ ಒಳಗಿನ ಗಾಳಿ ಹೊರಗೆ ಬರೋಕೆ ಅದು.

ನಾನು ಎರಡು ಬೇರೆ ಬೇರೆ ಬ್ರ್ಯಾಂಡಿನವು ತಂದು ಮನೆಯಲ್ಲಿ ಪರೀಕ್ಷೆ ಮಾಡಿದೆ. ಹೊಸದಾದರೂ ಪರೀಕ್ಷೆ ಮಾಡದೆ ಹಾಕಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ವಿಧಾನ ಸುಲಭ. ವಾಲ್ವನ್ನು ಬೆರಳಿನಿಂದ ಸ್ವಲ್ಪ ಒತ್ತಿ ಬಿಡಿಸಿ, ಆ ಸಂದಿಗೆ ಒಂದು ಹೊಲಿಗೆ ದಾರ ಸಿಕ್ಕಿಸಿ ಬಿಟ್ಟರೆ ವಾಲ್ವ್ ದಾರವನ್ನು ಕಚ್ಚಿಕೊಳ್ಳುತ್ತದೆ. ಆ ದಾರದಲ್ಲೇ ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ನೇತುಬಿಡಬೇಕು, ಪಾತ್ರೆಯ ತಳ ಮುಟ್ಟಬಾರದು, ತಳ ನೀರಿಗಿಂತ ಬಿಸಿ ಇರುತ್ತದೆ. ಪಕ್ಕದಲ್ಲೇ ಲ್ಯಾಬಿನ ಥರ್ಮಾಮೀಟರ್, 110 ಡಿಗ್ರಿವರೆಗೆ ಅಳೆಯುವಂಥದ್ದು. ಸಣ್ಣ ಉರಿ, ಚಮಚದಲ್ಲಿ ಆಗಾಗ ಕಲಕುತ್ತಿರಬೇಕು. 70 ದಾಟಿತು, ಏನೂ ಇಲ್ಲ. 80, ಏನೂ ಇಲ್ಲ. 83 ಆಗುತ್ತಿದ್ದ ಹಾಗೆ ದಾರ ಸಡಿಲವಾಗಿ ಥರ್ಮೋಸ್ಟಾಟ್ ಟಣ್ ಅಂತ ತಳಕ್ಕೆ ಬಿತ್ತು. ಇಕ್ಕಳದಲ್ಲಿ ಎತ್ತಿ ಹಿಡಿದು ಮತ್ತೆ ನೀರಿನಲ್ಲೇ ಇಟ್ಟೆ. 95ಕ್ಕೆ ಬಂದಾಗ ವಾಲ್ವ್ 8 ಮಿಲಿಮೀಟರಿನಷ್ಟು ಬಾಯಿ ತೆರೆದಿತ್ತು, ಅಷ್ಟು ತೆರೆಯಲೇಬೇಕು. ಹೊರಗೆ ತೆಗೆದು ಕಲ್ಲಿನ ಮೇಲಿಟ್ಟರೆ ಮೆಲ್ಲಗೆ ಮುಚ್ಚಿಕೊಂಡಿತು. ಬೆಳಕಿಗೆ ಹಿಡಿದು ನೋಡಿದೆ, ಸುತ್ತ ಎಲ್ಲೂ ಸಂದಿ ಇರಲಿಲ್ಲ.

ಇನ್ನೊಂದು ಬ್ರ್ಯಾಂಡಿನದಕ್ಕೂ 82 ಅಂತಲೇ ಅಚ್ಚಿತ್ತು. 90 ದಾಟಿದರೂ ದಾರ ಬಿಡಲಿಲ್ಲ. ನೀರು ಕುದಿಯೋಕೆ ಶುರುವಾದ ಮೇಲೆ ಕೂದಲೆಳೆಯಷ್ಟು ತೆರೆಯಿತು. ಅದನ್ನೇ ಹಾಕಿದ್ದರೆ ಕಾರು ಹೀಟ್ ಆಗುತ್ತಿತ್ತು, ನೋಡಿ ಥರ್ಮೋಸ್ಟಾಟ್ ಹಾಕಿದ್ದಕ್ಕೇ ಹೀಗಾಯಿತು ಅಂತ ಮತ್ತೆ ಕಿತ್ತು ಬಿಸಾಕುತ್ತಿದ್ದರು. ಥರ್ಮೋಸ್ಟಾಟ್ ನಮಗೆ ಬೇಡ ಅನ್ನುವ ಮಾತು ನಮ್ಮಲ್ಲಿ ಇಷ್ಟು ಬೇರೂರಿರುವುದಕ್ಕೆ ಇಂಥ ಕಳಪೆ ಮಾಲೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಅಂಗಡಿಯವರಿಗೆ ವಾಪಸ್ ಕೊಟ್ಟೆ, ತಗೊಂಡರು. 88ರದ್ದನ್ನು ಮನೆಯಲ್ಲಿ ಪರೀಕ್ಷೆ ಮಾಡುವವರು ಒಂದು ನೆನಪಿಡಿ: ಅದು ಪೂರ್ತಿ ತೆರೆಯೋದು 100ರ ಮೇಲೆ, ನಮ್ಮ ಪಾತ್ರೆಯ ನೀರು 97, 98ರ ಮೇಲೆ ಹೋಗೋದಿಲ್ಲ. ಹಾಗಾಗಿ ಪೂರ್ತಿ ತೆರೆಯಲಿಲ್ಲ ಅಂತ ಒಳ್ಳೇ ಥರ್ಮೋಸ್ಟಾಟನ್ನು ದೂರಬೇಡಿ, ಶುರುವಾಗುವ ಬಿಸಿ ಸರಿ ಇದೆಯಾ ಅಂತ ಮಾತ್ರ ನೋಡಿ.

ಹಾಕುವ ಕೆಲಸ ದೊಡ್ಡದಲ್ಲ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಇರುವಾಗ ಕ್ಯಾಪ್ ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ, ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ನೀರು ಇಳಿಸಿ, 10ರ ಸ್ಪ್ಯಾನರಿನಲ್ಲಿ ಕವರಿನ ಬೋಲ್ಟ್ ಬಿಚ್ಚಬೇಕು. ಹಳೇ ಗಾಡಿಯಲ್ಲಿ ಅವು ಅಲ್ಯೂಮಿನಿಯಂ ಜತೆ ಹಿಡಿದುಕೊಂಡಿರುತ್ತವೆ, ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಬಲ ಹಾಕಿದರೆ ತಲೆ ಮುರಿದು ಬೋಲ್ಟ್ ಒಳಗೇ ಉಳಿಯುತ್ತದೆ. ಹಳೇ ಪ್ಯಾಕಿಂಗ್ ಕೆರೆದು ತೆಗೆಯುವಾಗ ಅಲ್ಯೂಮಿನಿಯಂ ಮೇಲೆ ಗೀರು ಬೀಳಬಾರದು. ಮೇಣದ ಬುಡ್ಡಿ ಇರುವ ಕಡೆ ಎಂಜಿನ್ ಕಡೆಗಿರಬೇಕು, ಬಿಸಿನೀರು ಅದಕ್ಕೇ ತಾಗಬೇಕು. ತಲೆಕೆಳಗಾಗಿ ಕೂರಿಸಿದರೆ ಸರಿಯಾದ ಹೊತ್ತಿಗೆ ತೆರೆಯೋದಿಲ್ಲ, ಹೆಡ್ ಹಾಳಾಗಬಹುದು. ಅಲ್ಲಾಡುವ ಪಿನ್ ಮೇಲ್ಗಡೆ ಬರಬೇಕು, ಗಾಳಿ ಸೇರೋದು ಮೇಲೆ ತಾನೇ. ಹೊಸ ಪ್ಯಾಕಿಂಗ್ ಇಟ್ಟು ಎರಡೂ ಬೋಲ್ಟನ್ನು ಸಮನಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ನೀರು ತುಂಬುವುದು ನಿಧಾನಕ್ಕೆ. ಕ್ಯಾಪ್ ತೆಗೆದೇ ಸ್ಟಾರ್ಟ್ ಮಾಡಿ ಬಿಟ್ಟರೆ, ಥರ್ಮೋಸ್ಟಾಟ್ ತೆರೆದ ಕೂಡಲೇ ರೇಡಿಯೇಟರಿನಲ್ಲಿ ನೀರು ಒಮ್ಮೆಗೆ ಇಳಿಯುತ್ತದೆ, ಆಗ ಮತ್ತೆ ತುಂಬಿ ಕ್ಯಾಪ್ ಹಾಕಬೇಕು. ಈ ಸಲ ನಾನು ಬೋರ್‌ವೆಲ್ ನೀರು ಹತ್ತಿರಕ್ಕೂ ಸೇರಿಸಲಿಲ್ಲ. ಡಿಸ್ಟಿಲ್ಡ್ ವಾಟರ್, ಅದಕ್ಕೆ ಮೂರರಲ್ಲಿ ಒಂದು ಪಾಲು ಕೂಲಂಟ್. ನಮಗೆ ನೀರು ಹೆಪ್ಪುಗಟ್ಟುವ ಭಯ ಇಲ್ಲ, ಕೂಲಂಟ್ ಬೇಕಾಗಿರುವುದು ತುಕ್ಕು ತಡೆಯೋಕೆ ಮತ್ತು ಕುದಿಯುವ ಬಿಸಿಯನ್ನು ಇನ್ನಷ್ಟು ಏರಿಸೋಕೆ. ಶಾಖ ಹೊರುವುದರಲ್ಲಿ ನೀರೇ ಮುಂದು, ಹಾಗಾಗಿ ಕೂಲಂಟ್ ಜಾಸ್ತಿ ಸುರಿದಷ್ಟೂ ಒಳ್ಳೆಯದು ಅಂತ ಏನಿಲ್ಲ.

ಈಗ ಬೆಳಗ್ಗೆ ಸ್ಟಾರ್ಟ್ ಮಾಡಿ, ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಮೇಲೆ ಕೈ ಇಟ್ಟರೆ ಮೊದಲ ಕೆಲವು ನಿಮಿಷ ತಣ್ಣಗೇ ಇರುತ್ತದೆ, ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಥರ್ಮೋಸ್ಟಾಟ್ ಇದೆಯಾ, ಕೆಲಸ ಮಾಡುತ್ತಿದೆಯಾ ಅಂತ ತಿಳಿಯೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಸ್ಟಾರ್ಟ್ ಆದಾಗಿನಿಂದ ಹೋಸ್ ಮೆಲ್ಲಗೆ ಬೆಚ್ಚಗಾಗುತ್ತಾ ಹೋದರೆ ಒಳಗೆ ಥರ್ಮೋಸ್ಟಾಟ್ ಇಲ್ಲ, ಅಥವಾ ತೆರೆದೇ ಸಿಕ್ಕಿಕೊಂಡಿದೆ. ಮೀಟರ್ ಮುಳ್ಳು ಏರುತ್ತಲೇ ಇದ್ದು ಹೋಸ್ ಮಾತ್ರ ತಣ್ಣಗಿದ್ದರೆ ಮುಚ್ಚಿಯೇ ಉಳಿದಿದೆ, ತಕ್ಷಣ ಎಂಜಿನ್ ಆಫ್ ಮಾಡಿ. ಕೆಲವರು ಬಿಸಿ ಅಳೆಯುವ ಗನ್ ಇಟ್ಟುಕೊಂಡಿರುತ್ತಾರೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಮ್ಮಿ ತೋರಿಸುತ್ತದೆ, ಕವರ್ ಮೇಲೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ.

ಮುಳ್ಳು ಈಗ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬಂದು ನಿಲ್ಲುತ್ತದೆ, ಎಕ್ಸ್‌ಪ್ರೆಸ್‌ವೇನಲ್ಲಿ ಓಡಿಸಿದರೂ ಅಲ್ಲೇ. ಚೋಕ್ ಬೇಗ ಒಳಗೆ ಹೋಗುತ್ತದೆ. ಆಯಿಲ್ ಬದಲಾಯಿಸಿದ ಮೇಲೆ ಮುಚ್ಚಳದ ಜಿಡ್ಡು ಮತ್ತೆ ಕಾಣಲಿಲ್ಲ, ಪ್ಲಗ್ ಕಂದು ಬಣ್ಣಕ್ಕೆ ತಿರುಗಿದೆ. ಮೈಲೇಜೂ ಏರಿದೆ, ಆದರೆ ಅದೇ ಹೊತ್ತಿಗೆ ಕಾರ್ಬುರೇಟರ್ ಕ್ಲೀನ್ ಮಾಡಿಸಿದ್ದೆ, ಅಷ್ಟೂ ಥರ್ಮೋಸ್ಟಾಟಿನದ್ದೇ ಅಂತ ಹೇಳೋದಿಲ್ಲ.

ಗಾಡಿಗೆ ಎಲ್‌ಪಿಜಿ ಕಿಟ್ ಹಾಕಿಸಿದವರಿಗೆ ಇದು ಇನ್ನೂ ಮುಖ್ಯ. ಕಿಟ್‌ನ ರೆಡ್ಯೂಸರ್ ದ್ರವ ಗ್ಯಾಸನ್ನು ಆವಿ ಮಾಡುವುದು ಎಂಜಿನ್ನಿನ ಬಿಸಿನೀರಿನಿಂದಲೇ. ನೀರು ಬಿಸಿಯಾಗದಿದ್ದರೆ ರೆಡ್ಯೂಸರ್ ಹೊರಗೆಲ್ಲ ಬೆವರಿ ಮಂಜು ಹಿಡಿಯುತ್ತದೆ, ಹೆದ್ದಾರಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಪಿಕಪ್ ಬರೋದಿಲ್ಲ. ಕಿಟ್ ಟ್ಯೂನಿಂಗ್ ಮಾಡಿಸೋಕೆ ದುಡ್ಡು ಕೊಡುವ ಮೊದಲು ಥರ್ಮೋಸ್ಟಾಟ್ ಕವರ್ ಬಿಚ್ಚಿ ಒಳಗೆ ಏನಿದೆ ಅಂತ ನೋಡಿ.